ಬೆಳಗಾದರೂ ಖಾಲಿಯಾಗದ ಚೀಲ

ಆ ಕೋಳಿ ನಮ್ಮ ಮನೆಗೆ ಬಂದದ್ದು ಸಾರಿಗಾಗಿ. ರಾಮನಗುಳಿಯ ತವರುಮನೆಯಿಂದ ಹೊರಟಾಗ ಅವ್ವ ನನ್ನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟಳು. ಗಾಳಿಯಾಡಲೆಂದು ಅಲ್ಲಲ್ಲಿ ತೂತು ಚುಚ್ಚಿದ್ದಳು. ಒಳಗಿನಿಂದ ಉಗುರು ಕೆರೆಯುವ ಸದ್ದು ಬರುತ್ತಿತ್ತು.

"ಎಳೇ ಹೇಂಟೆ. ಇನ್ನೂ ಮೊಟ್ಟೆ ಇಟ್ಟದ್ದಲ್ಲ. ಆಯ್ತಾರ ಕೊಯ್ದು ಸಾರ ಮಾಡಿ, ಮೆತ್ತಗೆ ಬೇಯ್ತದೆ" ಅಂದಳು.

ಅಂಕೋಲೆಯಲ್ಲಿ ಬಸ್ಸು ಬದಲಿಸಿ ಕಾರವಾರ ಮುಟ್ಟುವಷ್ಟರಲ್ಲಿ ಪೆಟ್ಟಿಗೆಯ ತಳ ಒದ್ದೆಯಾಗಿತ್ತು. ಕೋಳಿ ಕೆಳಗೆ ಬೀಳದಂತೆ ಎರಡೂ ಕೈಯಿಂದ ತಳ ಹಿಡಿದುಕೊಂಡು ಹಬ್ಬುವಾಡದ ಮನೆಯ ಮೆಟ್ಟಿಲು ಹತ್ತಿದೆ. ನನ್ನ ಅತ್ತೆ ಬಾಗಿಲಲ್ಲಿ ನಿಂತು ಪೆಟ್ಟಿಗೆಯನ್ನೂ ನನ್ನನ್ನೂ ಒಮ್ಮೆ ನೋಡಿ, ಹಿತ್ತಿಲ ಕಡೆ ಕೈ ತೋರಿಸಿದರು.

ನಮ್ಮದು ಹಿರಿಯರು ನೋಡಿ ಮಾಡಿದ ಮದುವೆಯಲ್ಲ. ನಾನು ಕಾರವಾರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪರಿಚಯವಾಗಿ ಆದದ್ದು. ಅವರ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ಕನ್ನಡ. ಗಂಡನಂತೆ ನಾನೂ ಅತ್ತೆಯನ್ನು ಆಯಿ ಎಂದೇ ಕರೆಯುತ್ತೇನೆ. ಆಯಿ ನನ್ನೊಡನೆ ಆಡುತ್ತಿದ್ದದ್ದು ಕೊಂಕಣಿ ಬೆರೆತ ಕನ್ನಡ, ನಾನು ಉತ್ತರ ಕೊಡುತ್ತಿದ್ದದ್ದು ಕನ್ನಡ ಬೆರೆತ ಕೊಂಕಣಿ. ಇಬ್ಬರಿಗೂ ಅರ್ಧರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಊಹಿಸಿಕೊಂಡು ಬೇಜಾರು ಮಾಡಿಕೊಳ್ಳುತ್ತಿದ್ದೆವು.

ಆ ಭಾನುವಾರ ಕೋಳಿಯನ್ನು ಕೊಯ್ಯಲಾಗಲಿಲ್ಲ. ನನ್ನ ಗಂಡ ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕರು. ಅಂದು ಯಂತ್ರ ಕೆಟ್ಟಿತೆಂದು ಬೆಳಿಗ್ಗೆಯೇ ಕರೆ ಬಂತು, ಹೋದರು. ನನ್ನ ತವರಿನಲ್ಲಿ ಕೋಳಿ ಕೊಯ್ಯುವವಳು ಅವ್ವನೇ. ನನಗೆ ಅದು ಬರುವುದಿಲ್ಲ. ಈ ಮನೆಯಲ್ಲಿ ಹೆಂಗಸರು ಮೀನು ಹೆಚ್ಚುತ್ತಾರೆ, ಕೋಳಿ ಕೊಯ್ಯುವುದು ಗಂಡಸರ ಕೆಲಸ. ಹಾಗಾಗಿ ಕೋಳಿ ಹಿತ್ತಿಲ ನುಗ್ಗೆಮರಕ್ಕೆ ಕಟ್ಟಿದಂತೆಯೇ ಉಳಿಯಿತು. ಆ ವಾರದಲ್ಲೇ ಒಂದು ಮಧ್ಯಾಹ್ನ ಹಗ್ಗ ಬಿಡಿಸಿಕೊಂಡು ಒಳಗೆ ಬಂದು, ಆಯಿ ಮಡಿಸಿಟ್ಟಿದ್ದ ಸೀರೆಯ ಮೇಲೆ ಮೊದಲ ಮೊಟ್ಟೆ ಇಟ್ಟಿತು. ನಾನು ಸಂಜೆ ಬಂದಾಗ ಆಯಿ ಆ ಪುಟ್ಟ ಮೊಟ್ಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು.

"ಈಗ ಕೊಯ್ಯೂದು ಬೇಡ" ಅಂದರು.

ಅಲ್ಲಿಂದ ಮುಂದೆ ಅದು ಆಯಿಯ ಕೋಳಿ. ಅವರು ಕೋಂಬಿ ಎನ್ನುತ್ತಿದ್ದರು, ಕೊಂಕಣಿಯಲ್ಲಿ ಹೆಣ್ಣುಕೋಳಿ ಎಂದಷ್ಟೇ ಅರ್ಥ. ಬೇರೆ ಹೆಸರು ಇಡಲಿಲ್ಲ. ಮೀನು ಹೆಚ್ಚುವಾಗ ಎದುರಿಗೆ ಬಂದು ಕೂರುವುದು, ಅಂಗಳ ಗುಡಿಸುವಾಗ ಪೊರಕೆಯ ಹಿಂದೆ ನಡೆಯುವುದು, ಮಧ್ಯಾಹ್ನ ಆಯಿ ಗೋಡೆಗೆ ಒರಗಿ ಕಾಲು ಚಾಚಿದರೆ ಮಡಿಲಿಗೆ ಹಾರುವುದು, ಇದು ಅದರ ದಿನಚರಿ. ಬಚ್ಚಲಿನ ಪಕ್ಕದಲ್ಲಿ ಕಟ್ಟಿಗೆ ಇಡುವ ಮೂಲೆಯಲ್ಲಿ ಆಯಿ ಅದಕ್ಕೆ ಒಂದು ಗೂಡು ಮಾಡಿದರು. ತೆಂಗಿನಸಿಪ್ಪೆ ಒಣಗಿಸಿ, ನಾರನ್ನು ಎಳೆ ಎಳೆಯಾಗಿ ಬಿಡಿಸಿ, ಚುಚ್ಚದಂತೆ ಅಂಗೈಯಲ್ಲಿ ಉಜ್ಜಿ ಉಜ್ಜಿ ಹಾಸಿದ್ದರು. ಟಿವಿ ನೋಡುತ್ತಾ ಈ ಕೆಲಸ ಮಾಡುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಆಯಿ ಹಿಂದಿನಿಂದ ಕರೆದರು. ಹಿತ್ತಿಲ ಹೊಸ್ತಿಲ ಮೇಲೆ ಕೋಳಿಯನ್ನು ಮಡಿಲಲ್ಲಿಟ್ಟು ಕೂತಿದ್ದರು. ನನ್ನ ಕೈ ಹಿಡಿದು ಅದರ ಎದೆಯ ಮೇಲೆ, ಕುತ್ತಿಗೆಯ ಬುಡದಲ್ಲಿ ಇಟ್ಟರು. ಮದುವೆಯಾದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲಿರಬೇಕು. ಹಾಗಾಗಿ ನನ್ನ ಗಮನ ಕೋಳಿಯ ಮೇಲೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಗರಿಯ ಕೆಳಗೆ ನಿಂಬೆಹಣ್ಣಿಗಿಂತ ದೊಡ್ಡದಾದ ಗಂಟು.

"ಹೇಂ ಕಿತೆಂ?" ಅಂದರು. ಇದೇನು ಎಂದು.

"ಚೀಲ ಇರಬೇಕು ಆಯಿ. ತಿಂದದ್ದು ಮೊದಲು ಅಲ್ಲಿಗೇ ಹೋಗುವುದು."

"ಇಷ್ಟು ದೊಡ್ಡದಾ?"

ಅದು ನನಗೆ ಗೊತ್ತಿರಲಿಲ್ಲ. ಕೋಳಿ ಕೊಯ್ದಾಗ ಅವ್ವ ಆ ಚೀಲವನ್ನು ಬೇರೆ ಮಾಡಿ ಬಾಳೆಯ ಬುಡಕ್ಕೆ ಎಸೆಯುವುದನ್ನು ನೋಡಿದ್ದೆ. ಜೀವ ಇರುವ ಕೋಳಿಯಲ್ಲಿ ಅದು ಎಷ್ಟು ದೊಡ್ಡದಿರಬೇಕು, ಯಾವಾಗ ತುಂಬಿರಬೇಕು, ಯಾವಾಗ ಬರಿದಾಗಬೇಕು ಎಂದು ಯಾರೂ ಹೇಳಿರಲಿಲ್ಲ. ಕೋಳಿ ಮಾತ್ರ ಅಂದು ಮಡಿಲಿಂದ ಇಳಿಯಲಿಲ್ಲ. ಕುತ್ತಿಗೆಯನ್ನು ಆಗಾಗ ಹಾವಿನಂತೆ ಮುಂದಕ್ಕೆ ಚಾಚಿ ತಿರುಚುತ್ತಿತ್ತು.

ಅವ್ವನಿಗೆ ಫೋನ್ ಮಾಡಿದೆ.

"ಕೋಳಿಗೆ ಎದೆ ಮೇಲೆ ಗಂಟಾಗಿದೆ, ಏನು ಮಾಡುವುದು?"

"ಯಾವ ಕೋಳಿ?"

"ನೀನು ಕೊಟ್ಟದ್ದು."

"ಅದು ಇನ್ನೂ ಇದ್ಯಾ?" ಅಂದಳು.

ಇದೆ, ಮೊಟ್ಟೆ ಇಡುತ್ತದೆ, ಆಯಿಗೆ ಅದರ ಮೇಲೆ ಪ್ರೀತಿ ಎಂದೆಲ್ಲ ಹೇಳಿದೆ. ಅವ್ವನಿಗೆ ಅದರಲ್ಲಿ ಯಾವುದು ಮುಖ್ಯ ಎಂದು ತಿಳಿಯಲಿಲ್ಲ. "ಶೀಕು ಬಂದ ಕೋಳಿ ಇಟ್ಕಂಡು ಎಂತ ಮಾಡ್ತ್ರಿ? ಬಡವಾಗೂಕೆ ಮುಂಚೆ ಕೊಯ್ದು ಬಿಡಿ" ಅಂದಳು. ಆಯಿ ಬಿಡುವುದಿಲ್ಲ ಎಂದದ್ದಕ್ಕೆ, "ಕೊಯ್ಯೂದಿಲ್ಲ ಹೇಳಾದ್ರೆ ಈರುಳ್ಳಿ ಮತ್ತೆ ಕಾಳ್ಮೆಣಸು ಗುದ್ದಿ ತಿನ್ಸು" ಅಂದಳು.

ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡವರು, ಇದು ಮೊಟ್ಟೆ ಸಿಕ್ಕಿಕೊಂಡದ್ದು, ಬಿಸಿನೀರಲ್ಲಿ ಕೂರಿಸಬೇಕು ಅಂದರು. ಮೊಟ್ಟೆ ಎದೆಯಲ್ಲಿ ಹೇಗೆ ಸಿಕ್ಕುತ್ತದೆ ಎಂದು ನನಗೆ ಅನುಮಾನ. ಆದರೆ ಅವರು ಹಿರಿಯರು, ಹೇಳುವಾಗ ಅವರ ಮುಖದಲ್ಲಿ ಸಂಶಯದ ಗುರುತೂ ಇರಲಿಲ್ಲ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಸಂಶಯವಿಲ್ಲದವರು ಯಾರೂ ಇರಲಿಲ್ಲವಾದ್ದರಿಂದ ಬಟ್ಟೆ ಒಗೆಯುವ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ ಕೋಳಿಯನ್ನು ಕೂರಿಸಿದೆವು. ಅದು ಕಣ್ಣು ಮುಚ್ಚಿ ಸುಖವಾಗಿ ಕೂತಿತು. ಮೊಟ್ಟೆ ಬರಲಿಲ್ಲ. ನೀರು ತಣಿದ ಮೇಲೆ ಆಯಿ ತಮ್ಮ ತಲೆ ಒರೆಸುವ ಟವೆಲ್ಲಿನಿಂದ ಅದನ್ನು ಒರೆಸಿದರು.

ಗಂಡ ಊಟಕ್ಕೆ ಬಂದಾಗ ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಆ ಚೀಲಕ್ಕೆ ಇಂಗ್ಲಿಷಿನಲ್ಲಿ ಕ್ರಾಪ್ ಎನ್ನುತ್ತಾರೆ ಎಂದು ಆಗಷ್ಟೇ ತಿಳಿದಿತ್ತು.

"ಕೋಳಿಗೆ ಕ್ರಾಪಿನ ತೊಂದರೆಯಂತೆ" ಅಂದೆ.

ಅವರು ಕೋಳಿಯ ತಲೆ ನೋಡಿದರು. "ಕೋಳಿಗೆ ಎಂತ ಕ್ರಾಪು? ಜುಟ್ಟು ಸರಿಯಾಗೇ ಉಂಟಲ್ಲ."

ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ, ನಿಜವಾಗಿಯೇ ಕೇಳಿದ್ದರು. ಮಾರನೆಯ ದಿನ ಅವರೇ ಯಾರಿಂದಲೋ ರೈತರ ಸಹಾಯವಾಣಿಯ ನಂಬರು ತಂದರು. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಫೋನ್ ಮಾಡಿ, ಕ್ರಾಪ್ ಪ್ರಾಬ್ಲಂ ಬಗ್ಗೆ ಕೇಳಬೇಕಿತ್ತು ಎಂದೆ.

"ಯಾವ ಕ್ರಾಪ್ ಮೇಡಂ? ಭತ್ತವೋ, ಶೇಂಗಾವೋ?"

"ಕೋಳಿಯದು."

"ಕೋಳಿ ಬಂದು ಬೆಳೆ ತಿಂತಾ ಇದಾವಾ?"

"ಬೆಳೆ ಅಲ್ಲ. ಕೋಳಿಯ ಕ್ರಾಪ್."

"ಅದೇ ಮೇಡಂ, ಬೆಳೆ ಯಾವುದು ಹೇಳಿ. ಎಷ್ಟು ಜಾಗದಲ್ಲಿ ಹಾಕಿದೀರಿ?"

ಆ ಮನುಷ್ಯನ ದನಿ ಬಹಳ ಸೌಮ್ಯವಾಗಿತ್ತು. ನಾನು ಇನ್ನೂ ಒಮ್ಮೆ ವಿವರಿಸಿದೆ. ಆತ ಇನ್ನೂ ಒಮ್ಮೆ ಕೇಳಿಸಿಕೊಂಡು, ಬೆಳೆಗೆ ಬೇಲಿ ಹಾಕಿಸುವುದು ಒಳ್ಳೆಯದು ಅಂದ. ಥ್ಯಾಂಕ್ಸ್ ಹೇಳಿ ಇಟ್ಟೆ. ಪಕ್ಕದ ಮೇಜಿನವರು ನಾನು ಎಲ್ಲಿ ಜಮೀನು ಕೊಂಡೆ ಎಂದು ಕೇಳಿದರು.

ವಿಡಿಯೋಗಳು ಬೇಕಾದಷ್ಟಿದ್ದವು. ಒಂದರಲ್ಲಿ ದಪ್ಪ ಮೀಸೆಯವನೊಬ್ಬ ಕೋಳಿಯನ್ನು ತಲೆಕೆಳಗೆ ಹಿಡಿದು ಎದೆ ಒತ್ತಿ ಎಲ್ಲ ವಾಂತಿ ಮಾಡಿಸಿದ. ಕೋಳಿ ಎದ್ದು ಓಡಿತು. ಅದರ ಕೆಳಗಿನ ವಿಡಿಯೋದಲ್ಲಿ ಒಬ್ಬ ಹೆಂಗಸು, ಹಾಗೆ ಮಾಡಿದರೆ ನೀರು ಶ್ವಾಸಕ್ಕೆ ಹೋಗಿ ಕೋಳಿ ಅಲ್ಲೇ ಸಾಯುತ್ತದೆ, ಯಾವ ಕಾರಣಕ್ಕೂ ಮಾಡಬಾರದು ಎಂದು ಬೆರಳು ಎತ್ತಿ ಹೇಳುತ್ತಿದ್ದಳು. ಚೀಲ ಗಟ್ಟಿಯಿದ್ದರೆ ಒಂದು ರೋಗ, ಬಲೂನಿನಂತೆ ಮೆತ್ತಗಿದ್ದು ಹುಳಿ ವಾಸನೆ ಬಂದರೆ ಇನ್ನೊಂದು. ನಮ್ಮ ಕೋಳಿಯದು ಒಮ್ಮೆ ಮುಟ್ಟಿದರೆ ಗಟ್ಟಿ, ಇನ್ನೊಮ್ಮೆ ಮುಟ್ಟಿದರೆ ಮೆತ್ತಗೆ. ಗಂಡ ಮೀಸೆಯವನ ಪಕ್ಷ ಹಿಡಿದರು. ಕೋಳಿಯ ಕಾಲು ಹಿಡಿದು ಎತ್ತಿಯೂ ಬಿಟ್ಟರು. ಆಯಿ ಪಾತ್ರೆ ತೊಳೆಯುತ್ತಿದ್ದವರು ಒದ್ದೆ ಕೈಯಲ್ಲೇ ಬಂದು ಅದನ್ನು ಕಿತ್ತುಕೊಂಡರು. ತಾಯಿ ಮಗ ಕೊಂಕಣಿಯಲ್ಲಿ ಬಹಳ ಹೊತ್ತು ವಾದ ಮಾಡಿದರು. ಅಷ್ಟು ವೇಗದ ಕೊಂಕಣಿ ನನಗೆ ಹಿಡಿಯುವುದಿಲ್ಲ. ಕೊನೆಗೆ ಗಂಡ ನನ್ನತ್ತ ತಿರುಗಿ, "ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಂತೆ. ನೀನು ರಜೆ ಹಾಕ್ಬೇಕಂತೆ" ಅಂದರು.

ಆಯಿ, ನಾನು, ಟವೆಲ್ಲಿನಲ್ಲಿ ಸುತ್ತಿದ ಕೋಳಿ, ಮೂವರೂ ಆಟೋದಲ್ಲಿ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರರು ಬಯಲುಸೀಮೆಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಚೀಲವನ್ನು ನಿಧಾನಕ್ಕೆ ಅಮುಕಿ, ಕೊಕ್ಕು ಬಿಡಿಸಿ ಮೂಗು ಹತ್ತಿರ ತಂದು ನೋಡಿದರು.

"ಮುಂಜಾನೆ ಎದ್ದ ಕೂಡಲೇ, ಏನೂ ತಿನ್ನೂಕಿಂತ ಮೊದಲು ಮುಟ್ಟಿ ನೋಡೀರೇನ್ರಿ? ರಾತ್ರಿ ತುಂಬಿದ್ದು ಮುಂಜಾನೆ ಖಾಲಿ ಆಗಬೇಕು."

ನಾವು ಯಾವಾಗಲೂ ಸಂಜೆಯೇ ನೋಡಿದ್ದೆವು. ಸಂಜೆ ಎಲ್ಲ ಕೋಳಿಯ ಚೀಲವೂ ತುಂಬಿಯೇ ಇರುತ್ತದಂತೆ. ಹಾಗಾದರೆ ಇದಕ್ಕೆ ರೋಗವೇ ಇಲ್ಲವೋ ಏನೋ ಎಂದು ಒಂದು ಗಳಿಗೆ ಹಗುರಾದೆ. ಆದರೆ ನಾವು ಹೋದದ್ದು ಬೆಳಿಗ್ಗೆ, ಕೋಳಿ ಅಂದು ಏನೂ ತಿಂದಿರಲಿಲ್ಲ, ಗಂಟು ಇತ್ತು.

"ಏನೇನು ತಿನ್ನಸ್ತೀರಿ?"

ನಾನು ತೆಂಗಿನತುರಿ ಮತ್ತು ಅಕ್ಕಿನುಚ್ಚು ಅಂದೆ. ಆಯಿ ನನ್ನನ್ನು ಆಶ್ಚರ್ಯದಿಂದ ನೋಡಿ, ಗಂಜಿಯ ಅನ್ನ ಮತ್ತು ಮೀನಿನ ತಲೆ ಅಂದರು. ಆಮೇಲೆ ನೆನಪಾದವರಂತೆ, ಮಗ ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಟರ್ ಬಿಸ್ಕತ್ತು ಹಾಕುತ್ತಾನೆ ಎಂದೂ ಸೇರಿಸಿದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಡಾಕ್ಟರರು ನಗದೆ ಕೇಳಿಸಿಕೊಂಡರು.

"ಒಳಗ ಏನೋ ಗಟ್ಟಿ ಕುಂತದ. ಅದರ ಮ್ಯಾಲೆ ತಿಂದದ್ದು ಹುಳಿಯಾಗಾಕ ಹತ್ತೇದ. ಎರಡೂ ಇರಬಹುದು. ಈಗ ನಾನೂ ಖಚಿತ ಹೇಳಾಕ ಆಗೂದಿಲ್ರಿ" ಅಂದರು. ಕಾಳು, ಅನ್ನ ಎಲ್ಲ ನಿಲ್ಲಿಸಬೇಕು. ನೀರು ಕೊಡಬೇಕು, ಕೊಕ್ಕಿನ ಬದಿಗೆ ಕೆಲವು ಹನಿ ಎಣ್ಣೆ ಹಾಕಿ ಚೀಲವನ್ನು ಮೆಲ್ಲಗೆ ತಿಕ್ಕಬೇಕು, ತಲೆಕೆಳಗೆ ಮಾತ್ರ ಹಿಡಿಯಬಾರದು, ಕರಗದಿದ್ದರೆ ಮತ್ತೆ ತರಬೇಕು.

ಹೊರಗೆ ಬಂದ ಮೇಲೆ ಆಯಿಗೆ ಎಲ್ಲ ಬಿಡಿಸಿ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ ಮಾತು.

"ಉಪಾಶಿ ಇಡೂದಾ? ಶೀಕಿನ ಜೀವಕ್ಕೆ?"

ಆ ಮನೆಯಲ್ಲಿ ಜ್ವರ ಬಂದವರಿಗೆ ಗಂಟೆಗೊಮ್ಮೆ ಗಂಜಿ ಕೊಡುತ್ತಾರೆ. ಅಂಚೆಯವನು ಬಂದರೂ ಬಾಯಿಗೆ ಏನಾದರೂ ಹಾಕದೆ ಕಳಿಸುವುದಿಲ್ಲ. ಅಂಥವರಿಗೆ ಉಪವಾಸವೂ ಒಂದು ಔಷಧಿ ಎಂದು ಯಾವ ಭಾಷೆಯಲ್ಲಿ ಹೇಳಬೇಕೋ ನನಗೆ ತಿಳಿಯಲಿಲ್ಲ.

ಬೆಳಿಗ್ಗೆ ಮುಖ ತೊಳೆಯುವ ಮೊದಲು ಕೋಳಿಯ ಎದೆ ಮುಟ್ಟಿ ನೋಡುವುದು ನಮ್ಮ ಕೆಲಸವಾಯಿತು. ಮೊದಲು ಆಯಿ ಮುಟ್ಟುತ್ತಿದ್ದರು, ಕಡಿಮೆಯಾಗಿದೆ ಅನ್ನುತ್ತಿದ್ದರು. ನಾನು ಮುಟ್ಟುತ್ತಿದ್ದೆ, ನನಗೆ ಹಾಗೇ ಇದೆ ಅನಿಸುತ್ತಿತ್ತು. ಗಂಡ ಮುಟ್ಟಿ, ದೊಡ್ಡದಾಗಿದೆ ಅನ್ನುತ್ತಿದ್ದರು. ಕೋಳಿ ಮೂವರ ಮುಖವನ್ನೂ ಒಂದೊಂದೇ ಕಣ್ಣಿನಿಂದ ನೋಡುತ್ತಿತ್ತು. ಆಮೇಲೆ ಆಯಿ ಎಣ್ಣೆ ಹಾಕಿ ತಿಕ್ಕಲು ಕೂರುತ್ತಿದ್ದರು. ಮೀನಿನ ಪೊರೆ ತೆಗೆದು ತೆಗೆದು ಒರಟಾದ ಬೆರಳು, ಆದರೆ ತಿಕ್ಕುವಾಗ ಬೆರಳಿನ ಗೆಣ್ಣು ಮಾತ್ರ ತಾಗಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ರೆಕ್ಕೆ ಹಿಡಿಯುತ್ತಿದ್ದೆ. ಮಾತಿಲ್ಲದೆ ಅಷ್ಟು ಹತ್ತಿರ ನಾವಿಬ್ಬರೂ ಅದಕ್ಕೆ ಮೊದಲು ಕೂತಿರಲಿಲ್ಲ. ನನಗೆ ಎಲ್ಲಿ ನೋಡಬೇಕು ಎಂದು ತಿಳಿಯದೆ ಕೋಳಿಯ ಕಾಲನ್ನೇ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅದರ ಕೊಕ್ಕಿನ ಮೇಲೆ ಅನ್ನದ ಅಗುಳೊಂದು ಅಂಟಿಕೊಂಡಿತ್ತು. ಆಯಿ ಅದನ್ನು ನೋಡಿದರು, ಗಂಡ ನೋಡಿದರು, ನಾನೂ ನೋಡಿದೆ. ಆಯಿ ಕೊಟ್ಟದ್ದೆಂದು ನಾನು ಅಂದುಕೊಂಡೆ. ಆಮೇಲೆ ಗಂಡ ಯಾಕೆ ಅಷ್ಟು ಬೇಗ ಚಹಾ ಬಿಟ್ಟು ಎದ್ದುಹೋದರು ಎಂದು ಯೋಚನೆಯಾಯಿತು.

ನಡುವೆ ಭಾನುವಾರ ಬಂತು. ಗಂಡ ಪ್ರತಿ ಭಾನುವಾರದಂತೆ ಬಾಜಾರದಿಂದ ಕೋಳಿಮಾಂಸ ತಂದರು. ಆಯಿ ಕಾಯಿ ಹುರಿದು ಮಸಾಲೆ ಅರೆದು ಸಾರು ಮಾಡಿದರು, ವಡೆ ಕರಿದರು. ಅಡುಗೆಮನೆಯ ಪರಿಮಳ ಹಿತ್ತಿಲವರೆಗೂ ಹೋಯಿತು. ಅಲ್ಲಿ ಬುಟ್ಟಿಯ ಕೆಳಗೆ ನಮ್ಮ ಕೋಳಿ ಉಪವಾಸ ಕೂತಿತ್ತು. ಮೊದಲ ತುತ್ತನ್ನು ಹಿತ್ತಿಲ ಕಡೆ ನೋಡುತ್ತಾ ನಿಧಾನಕ್ಕೆ ಅಗಿದೆ. ಎರಡನೆಯದು ಸಲೀಸಾಗಿ ಹೋಯಿತು, ಮೂರನೆಯ ವಡೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಆಯಿ ಚೆನ್ನಾಗಿ ಉಂಡು, ಸೋಪು ಹಚ್ಚಿ ಕೈ ತೊಳೆದು, ಮೂಸಿ ನೋಡಿ ಮತ್ತೊಮ್ಮೆ ತೊಳೆದು, ಎಣ್ಣೆ ಬಟ್ಟಲು ತೆಗೆದುಕೊಂಡು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋದೆ.

"ಆಯಿ, ನಿಮಗೆ ಒಂಥರಾ ಅನಿಸುವುದಿಲ್ಲವಾ?"

"ಎಂತಕ್ಕೆ?"

"ಅಲ್ಲಿ ತಿಂದು ಇಲ್ಲಿ ಬಂದು…"

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. "ಅದು ಬಾಜಾರದ್ದು. ಇದು ನಮ್ದು" ಅಂದರು. ಆಮೇಲೆ ನಾನು ಏನೋ ತಪ್ಪು ತಿಳಿದುಕೊಂಡಿದ್ದೇನೆ ಎಂಬಂತೆ, "ನಿಂಗೆ ಸಾರು ಸೇರ್ಲಿಲ್ವಾ?" ಎಂದು ಕೇಳಿದರು. ಸೇರಿತು ಅಂದೆ. ಅದು ನಿಜವೇ ಆಗಿತ್ತು.

ಆ ವಾರವೇ ಕೋಳಿಯ ಸ್ಥಿತಿ ಇನ್ನಷ್ಟು ಕೆಟ್ಟಿತು. ತಿಕ್ಕುತ್ತಿರುವಾಗ ಕೊಕ್ಕಿನಿಂದ ನೀರಿನಂಥದ್ದು ಇಳಿಯಿತು, ಹಳಸಿದ ಹಿಟ್ಟಿನ ವಾಸನೆ. ಕತ್ತು ಆಯಿಯ ತೋಳಿನ ಮೇಲೆ ಜೋತುಬಿತ್ತು. ಜುಟ್ಟಿನ ಕೆಂಪು ಹೋಗಿ ಬಾಡಿದ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಆಯಿ ನನ್ನ ಮುಖ ನೋಡಿದರು. ನಿನ್ನ ಊರಿನ ಕೋಳಿ, ನಿನಗೆ ಗೊತ್ತಿರಬೇಕು ಅನ್ನುವಂತಿತ್ತು ಆ ನೋಟ. ಅಥವಾ ಹಾಗೆ ನನಗೆ ಅನಿಸಿತು. ನಾನು ಕಚೇರಿಗೆ ಫೋನ್ ಮಾಡಿ, ಮನೆಯಲ್ಲಿ ಹುಷಾರಿಲ್ಲ ಎಂದಷ್ಟೇ ಹೇಳಿ ಆಟೋ ಕರೆಸಿದೆ.

ಡಾಕ್ಟರರು ಈ ಸಲ ಹೆಚ್ಚು ಯೋಚಿಸಲಿಲ್ಲ. "ಕೊಯ್ದು ತೆಗೀಬೇಕ್ರಿ. ಉಳೀತದ ಅಂತ ಮಾತು ಕೊಡಾಕ ಆಗೂದಿಲ್ಲ. ಬಿಟ್ರ ಅಂತೂ ಉಳಿಯೂದಿಲ್ಲ" ಅಂದರು. ಆಯಿಗೆ ಹೇಳಿದೆ. ಅವರು ಕೋಳಿಯನ್ನು ಟವೆಲ್ಲಿನ ಸಮೇತ ಮೇಜಿನ ಮೇಲಿಟ್ಟು ಬಾಗಿಲ ಹೊರಗೆ ಹೋಗಿ ನಿಂತರು.

ರೆಕ್ಕೆ ಕಾಲು ಹಿಡಿಯುವ ಕೆಲಸ ನನಗೆ ಬಂತು. ಎದೆಯ ಗರಿ ಕಿತ್ತು, ಮರಗಟ್ಟುವ ಸೂಜಿ ಚುಚ್ಚಿ, ಮೊದಲು ಚರ್ಮ, ಅದರ ಕೆಳಗೆ ಚೀಲ ಎಂದು ಸ್ವಲ್ಪವೇ ಕೊಯ್ದರು. ನಾನು ನೋಡಬಾರದೆಂದುಕೊಂಡು ನೋಡಿದೆ. ಚಿಮಟ ಒಳಗೆ ಹೋಗಿ ಹೊರಗೆ ಬಂದಾಗ ಅದರ ತುದಿಗೆ ಕಪ್ಪಗೆ ಒದ್ದೆಯಾದ ಎಳೆಗಳು ಸಿಕ್ಕಿದ್ದವು. ಎಳೆದರೆ ಬರುತ್ತಲೇ ಇದ್ದವು. ಕೂದಲು ಕಟ್ಟಿಕೊಂಡ ಮೋರಿ ಬಿಡಿಸಿದ ಹಾಗೆ. ಅದರೊಳಗೆ ಅನ್ನ, ಮೀನಿನ ಮುಳ್ಳು, ಏನೇನೋ ಸುತ್ತಿಕೊಂಡು ಒಂದು ಉಂಡೆಯಾಗಿತ್ತು. ಡಾಕ್ಟರರು ಒಂದು ಎಳೆಯನ್ನು ನೀರಿನಲ್ಲಿ ಜಾಲಿಸಿ ಬೆಳಕಿಗೆ ಹಿಡಿದರು.

"ಇದು ತೆಂಗಿನ ನಾರು ಅಲ್ಲೇನ್ರಿ? ಇಷ್ಟು ಎಲ್ಲಿಂದ ತಿಂತು?"

ನನಗೆ ಆ ಕ್ಷಣವೇ ಬಚ್ಚಲಿನ ಮೂಲೆಯ ಗೂಡು, ಟಿವಿಯ ಮುಂದೆ ನಾರು ಉಜ್ಜುತ್ತಿದ್ದ ಎರಡು ಅಂಗೈ ಕಣ್ಣಿಗೆ ಬಂದವು. ಬಾಗಿಲ ಹೊರಗಿಂದ ಆಯಿ, ಏನು ಸಿಕ್ಕಿತು ಎಂದು ಕೊಂಕಣಿಯಲ್ಲಿ ಕೇಳಿದರು.

"ತಣ" ಅಂದೆ. ಹುಲ್ಲು ಎಂದು. ಯಾಕೆ ಹಾಗೆ ಬಾಯಿಗೆ ಬಂತೋ ನನಗೆ ಗೊತ್ತಿಲ್ಲ.

ಡಾಕ್ಟರರಿಗೆ ಅಷ್ಟು ಕೊಂಕಣಿ ಬರುತ್ತಿತ್ತು. "ಹುಲ್ಲಲ್ರಿ, ನಾರು, ನಾರು" ಎಂದು ನನ್ನನ್ನು ತಿದ್ದಿದರು. ಆಯಿ ಒಳಗೆ ಬಂದರು. ತಟ್ಟೆಯಲ್ಲಿ ಬಿದ್ದಿದ್ದ ಉಂಡೆಯನ್ನು ಬಗ್ಗಿ ನೋಡಿದರು, ಕೋಳಿಯ ತಲೆಯನ್ನು ಒಂದು ಬೆರಳಿಂದ ಮುಟ್ಟಿದರು, ಮತ್ತೆ ಹೊರಗೆ ಹೋದರು. ಹೊಲಿಗೆ ಮುಗಿಯುವವರೆಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಗೂಡಿನಲ್ಲಿ ನಾರು ಇರಲಿಲ್ಲ. ಬಚ್ಚಲ ಒಲೆ ಉರಿಯುತ್ತಿತ್ತು. ಗೂಡಿನಲ್ಲಿ ಹಳೆಯ ನೂಲಿನ ಸೀರೆಯೊಂದು ನಾಲ್ಕು ಮಡಿಕೆಯಾಗಿ ಹಾಸಿತ್ತು. ನನಗೆ ಏನಾದರೂ ಹೇಳಬೇಕು ಅನಿಸಿತು. ಈ ಊರಿನಲ್ಲಿ ತೆಂಗಿನ ನಾರು ಎಲ್ಲಿಲ್ಲ, ಕಾಲೊರೆಸುವ ಚಾಪೆಯಲ್ಲಿದೆ, ಹಗ್ಗದಲ್ಲಿದೆ, ಅಂಗಳದಲ್ಲಿ ಬಿದ್ದಿರುತ್ತದೆ, ಎಲ್ಲಿಂದ ತಿಂದಿತೆಂದು ಯಾರು ಹೇಳಬಲ್ಲರು. ಇದನ್ನೆಲ್ಲ ನನ್ನ ಹರಕು ಕೊಂಕಣಿಯಲ್ಲಿ ಜೋಡಿಸಿಕೊಂಡು ಹೋದೆ.

"ಆಯಿ, ಆ ನಾರು ಬೇರೆ ಎಲ್ಲಿಂದಲೋ…"

"ಯಾವ ನಾರು?" ಅಂದರು. ಒಲೆಗೆ ಕಟ್ಟಿಗೆ ನೂಕುತ್ತಿದ್ದರು, ತಿರುಗಲಿಲ್ಲ. "ನೀನು ಹುಲ್ಲು ಹೇಳಿದ್ದಿಯಲ್ಲ?"

ಆ ಮಾತು ಈಗಲೂ ನನಗೆ ಬಿಡಿಸಲಾಗದೆ ಉಳಿದಿದೆ. ಸುಳ್ಳು ಹೇಳಿದೆ ಎಂದು ಚುಚ್ಚಿದರೋ, ಹೇಳಿದ್ದು ಒಳ್ಳೆಯದಾಯಿತು ಅಂದರೋ, ಮಾತು ಇಲ್ಲಿಗೆ ಸಾಕು ಎಂದರೋ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನಿಂತೇ ಇದ್ದುದನ್ನು ನೋಡಿ, "ಚಹಾ ಕುಡಿ, ಆರ್ತದೆ" ಅಂದರು.

ಕೋಳಿ ಬದುಕಿತು. ಮೊದಲು ತೆಳ್ಳನೆಯ ಗಂಜಿ, ಆಮೇಲೆ ಮೊಸರು ಕಲಸಿದ ಮೆತ್ತನೆಯ ಅನ್ನ, ಇಷ್ಟಿಷ್ಟೇ ಕೊಟ್ಟೆವು. ಯಾರು ಯಾವ ಹೊತ್ತಿಗೆ ಕೊಡಬೇಕೆಂದು ಆಯಿಯೇ ಹಂಚಿದರು. ಬಟರ್ ನಿಂತಿತು.

ಆ ದಿನಗಳಲ್ಲೇ ಅವ್ವ ಫೋನ್ ಮಾಡಿದಳು. ನಾನು ಸ್ನಾನಕ್ಕೆ ಹೋಗಿದ್ದೆ, ಆಯಿ ಎತ್ತಿದರು. ಇಬ್ಬರು ಬೀಗಿತ್ತಿಯರು ಮದುವೆಯ ದಿನ ಬಿಟ್ಟರೆ ಸರಿಯಾಗಿ ಮಾತಾಡಿದವರಲ್ಲ. ನಾನು ಹೊರಗೆ ಬಂದಾಗ ಆಯಿ ನಡುಮನೆಯಲ್ಲಿ ನಿಂತು, ಫೋನನ್ನು ಬಾಯಿಯ ಮುಂದೆ ಹಿಡಿದು, ತಮಗೆ ಬರುವ ಕನ್ನಡವನ್ನೆಲ್ಲ ಕೂಡಿಸಿ ಜೋರಾಗಿ ಹೇಳುತ್ತಿದ್ದರು: "ಹೌದು, ಹೌದು, ಕೊಯ್ದ್ರು. ಪೋಟ್ ಖಾಲಿ ಮಾಡಿದ್ರು. ಈಗ ಗಂಜಿ, ಮೊಸರು. ಬೇರೆ ಎಂತ ಇಲ್ಲ." ಪೋಟ್ ಎಂದರೆ ಹೊಟ್ಟೆ. ಬಹಳ ಹೊತ್ತು ಮಾತಾಡಿದರು. ನಕ್ಕರು ಕೂಡ. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಸಂತೋಷದಿಂದ ಒಳಗೆ ಹೋದರು.

"ಕಡೆಗೂ ಕೊಯ್ದ್ರಿ ಅಲ್ಲ, ಒಳ್ಳೇದಾಯ್ತು" ಅಂದಳು ಅವ್ವ. "ನಿನ್ನ ಅತ್ತೆ ಒಳ್ಳೆಯವ್ರು. ಆದ್ರೆ ಕೋಳಿ ಸಾರಿಗೆ ಮೊಸರ ಹಾಕ್ತ್ರಾ ಆ ಕಡೆ? ಗಂಜಿ ಸಂಗ್ತಿಗೆ ಹ್ಯಾಂಗೆ ತಿಂದ್ರಿ?"

ನಾನು ಮೊದಲಿನಿಂದ ಬಿಡಿಸಿ ಹೇಳಿದೆ. ಕೊಯ್ದದ್ದು ಡಾಕ್ಟರರು, ಕೊಯ್ದು ಹೊಲಿದರು, ಕೋಳಿ ಹಿತ್ತಿಲಲ್ಲಿ ಓಡಾಡುತ್ತಿದೆ ಎಂದೆ.

"ಕೊಯ್ದು ಹೊಲಿದ್ರಾ?" ಅಂದಳು. "ಮತ್ತೆ ಎಂತಕ್ಕೆ ಕೊಯ್ದದ್ದು?"

ಉತ್ತರ ಇತ್ತು. ಆದರೆ ಹೇಳಲು ಹೊರಟಾಗ, ಗದ್ದೆ ಕೆಲಸಕ್ಕೆ ಹೋಗಿ ಬಂದು ದಣಿದ ಅವಳಿಗೆ, ನಾನು ರಜೆ ಹಾಕಿ ಕೋಳಿಯ ಹೊಟ್ಟೆ ಹೊಲಿಸಿದ ಕತೆ ಹೇಗೆ ಕೇಳಿಸಬಹುದು ಎಂದು ಹೊಳೆದು ತಡವರಿಸಿದೆ. ಅವಳೇ ಮಾತು ಬದಲಿಸಿ, ಭತ್ತ ಕೊಯ್ಲಿಗೆ ಜನ ಸಿಕ್ಕಿದ್ದಾರೆ ಎಂದಳು.

ಗಾಯ ಒಣಗಿ ಗರಿ ಬಂದ ಮೇಲೂ ಕೋಳಿಯ ಚೀಲ ಮೊದಲಿನ ಬಿಗಿಗೆ ಬರಲಿಲ್ಲ. ಹಿಗ್ಗಿದ ಚರ್ಮ ಜೋತುಬಿದ್ದು ನಡೆಯುವಾಗ ಅತ್ತಿತ್ತ ಆಡುತ್ತದೆ. ಕೆಲವು ಬೆಳಿಗ್ಗೆ ಪೂರ್ತಿ ಖಾಲಿ ಇರುತ್ತದೆ, ಕೆಲವು ಬೆಳಿಗ್ಗೆ ಸ್ವಲ್ಪ ಉಳಿದಿರುತ್ತದೆ. ಹಾಗೇ ಇರಬಹುದು, ಬಟ್ಟೆಯಲ್ಲಿ ಮೇಲಕ್ಕೆ ಎತ್ತಿ ಕಟ್ಟಿ ನೋಡಿ, ಉಪಯೋಗ ಆಗಲೂಬಹುದು ಅಂದರು ಡಾಕ್ಟರರು. ಆಯಿ ತಮ್ಮ ಹಳೆಯ ರವಿಕೆಯೊಂದನ್ನು ಬಿಚ್ಚಿ, ರೆಕ್ಕೆಗೆ ಎರಡು ಕಂಡಿ ಬಿಟ್ಟು, ಬೆನ್ನ ಮೇಲೆ ಗಂಟು ಹಾಕುವಂತೆ ಒಂದು ಅಂಗಿ ಹೊಲಿದರು. ಹಾಕಿದ ಕೂಡಲೇ ಕೋಳಿ ಅದರಿಂದ ತಪ್ಪಿಸಿಕೊಳ್ಳಲು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ತುಳಸಿಕಟ್ಟೆಗೆ ಹೋಗಿ ತಾಗಿತು. ಪಕ್ಕದ ಮನೆಯ ಅಕ್ಕ ಬೇಲಿ ಹಿಡಿದು ನಕ್ಕರು. ಎರಡನೆಯ ಅಂಗಿ ಸಡಿಲವಾಗಿ ಕಾಲಿಗೆ ಸಿಕ್ಕಿತು.

ಮೊನ್ನೆ ಹೊಸದೊಂದು ಹೊಲಿದರು. ನಾನು ಕೋಳಿಯನ್ನು ಹಿಡಿದುಕೊಂಡೆ, ಆಯಿ ಹಲ್ಲಿನಿಂದ ದಾರ ಕಡಿದು ಗಂಟು ಬಿಗಿದರು. ಬಟ್ಟೆಯ ಕೆಳಗೆ ಒಂದು ಬೆರಳು ತೂರಿಸಿ ನೋಡಿ ನನ್ನ ಕಡೆ ತಿರುಗಿದರು.

"ಬಿಗಿ ಆಯ್ತಾ?"

ನಾನೂ ಬೆರಳು ತೂರಿಸಿ ನೋಡಿದೆ. ಕೋಳಿಯ ಎದೆಬಡಿತ ವೇಗವಾಗಿತ್ತು, ಆದರೆ ಅದು ಯಾವಾಗಲೂ ವೇಗವಾಗಿಯೇ ಇರುತ್ತದೆ.

"ಗೊತ್ತಾಗುವುದಿಲ್ಲ ಆಯಿ. ಬಿಟ್ಟು ನೋಡುವಾ" ಅಂದೆ.

ಕೆಳಗೆ ಬಿಟ್ಟೆವು. ಅದು ನಿಂತಲ್ಲೇ ನಿಂತು, ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂದು ಯೋಚಿಸುತ್ತಿತ್ತು.